ಉಣ್ಣೆಯ ಕೆಮ್ಮು

ಮೂವರು ಹಿರಿಯರು ಕುದುರೆಯಿಂದ ಇಳಿದು ಬೇಲಿಯ ಹೊರಗೇ ನಿಂತುಕೊಂಡಾಗ ಸೈರಾಳ ಕೈಯಲ್ಲಿದ್ದ ಕೋಲುಗಳು ತಾವಾಗಿಯೇ ನಿಧಾನವಾದವು. ಕುದುರೆ ಕಟ್ಟುವ ಕಂಬ ಎದುರಿಗೇ ಇತ್ತು. ಅದು ಕಣ್ಣಿಗೇ ಬೀಳದವರ ಹಾಗೆ ಅವರು ಲಗಾಮನ್ನು ಕೈಯಿಂದ ಕೈಗೆ ಬದಲಾಯಿಸುತ್ತ ನಿಂತಿದ್ದರು. ಅವರ ಹಿಂದೆ ಅವಳ ಗಂಡ ಮಂಬೆತ್ ನಡೆದು ಬರುತ್ತಿದ್ದ. ಬೆಳಿಗ್ಗೆ ಹುಲ್ಲು ತರಲು ಹೋದವನು ಬರಿಗೈಯಲ್ಲಿ ಬರುತ್ತಿದ್ದ, ಅವಳ ಕಡೆ ನೋಡುತ್ತಿರಲಿಲ್ಲ.

ಸೈರಾ ಬಡಿಯುವುದನ್ನು ನಿಲ್ಲಿಸಲಿಲ್ಲ. ಬಿಸಿಲಿನಲ್ಲಿ ಹಾಸಿದ್ದ ಹಸುವಿನ ಚರ್ಮದ ಮೇಲೆ ಉಣ್ಣೆಯ ರಾಶಿ ಬಿದ್ದಿತ್ತು. ಕೋಲಿನ ಏಟಿಗೆ ಅದು ಉಬ್ಬುತ್ತಿತ್ತು, ಧೂಳು ಮೇಲೇಳುತ್ತಿತ್ತು. ತಾನು ನಿಲ್ಲಿಸಿದರೆ ಅವರು ಮಾತು ಶುರುಮಾಡುತ್ತಾರೆಂದು ಅವಳಿಗೆ ಗೊತ್ತಿತ್ತು.

ಹಿರಿಯರಲ್ಲಿ ಒಬ್ಬರಾದ ಅಸನ್ ಅಜ್ಜ ಹತ್ತಿರ ಬಂದು ಕೂತರು. ಉಣ್ಣೆಯ ಒಂದು ಎಳೆಯನ್ನು ಬೆರಳಿನಲ್ಲಿ ಹೊಸೆದು ನೋಡಿದರು.

"ಈ ಸಲದ ಉಣ್ಣೆ ಚೆನ್ನಾಗಿದೆ ಕಣಮ್ಮ."

"ಚೆನ್ನಾಗಿದೆ ಅಜ್ಜ."

"ಒಬ್ಬಳೇ ಬಡಿಯೋದು ಕಷ್ಟ."

"ಅಕ್ಕ ಬರೋತನಕ ತಾನೇ. ಆಮೇಲೆ ಇಬ್ಬರು."

ಮಸೀದಿಯ ಮುಲ್ಲಾ ತಮ್ಮ ಬೂಟಿನ ತುದಿ ನೋಡುತ್ತಿದ್ದರು. ಸೈರಾ ಕೋಲುಗಳನ್ನು ಉಣ್ಣೆಯ ಮೇಲೆ ಮೆಲ್ಲಗೆ, ಮಗುವನ್ನು ಮಲಗಿಸುವ ಹಾಗೆ, ಇಟ್ಟಳು. ಆಮೇಲೆ ತಲೆವಸ್ತ್ರವನ್ನು ಸರಿಮಾಡಿಕೊಂಡಳು.

"ಹೇಳಿ ಅಜ್ಜ. ಸುತ್ತಿಬಳಸಬೇಡಿ. ನಮ್ಮಕ್ಕನಿಗೂ ಸುತ್ತು ಮಾತು ಇಷ್ಟವಾಗ್ತಿರಲಿಲ್ಲ."

ಅಸನ್ ಅಜ್ಜ ಎರಡೂ ಅಂಗೈಗಳನ್ನು ತೆರೆದರು. "ಅವನು ಕೊಟ್ಟದ್ದನ್ನ ಅವನೇ ವಾಪಸ್ ಕೇಳಿದ್ದಾನೆ ತಾಯಿ. ಇವತ್ತು ಬೆಳಗಿನ ನಮಾಜಿನ ಹೊತ್ತಿಗೆ. ಗಟ್ಟಿಮಾಡ್ಕೋ."

ಹೀಗೆ ಊಲ್ಕಾನ್ ತೀರಿಕೊಂಡ ಸುದ್ದಿ ಅವಳ ಓರಗಿತ್ತಿಗೆ ತಲುಪಿತು.

ಊಲ್ಕಾನ್ ಆ ಮನೆಯ ಹಿರಿಯ ಸೊಸೆ, ಸೈರಾ ಕಿರಿಯವಳು. ಅಣ್ಣತಮ್ಮಂದಿರ ಮನೆಗಳಿಗೆ ಅಂಗಳ ಒಂದೇ. ಊಲ್ಕಾನಳ ಗಂಡ ಎಂದೋ ತೀರಿಕೊಂಡಿದ್ದ, ಮಗಳು ಮದುವೆಯಾಗಿ ತಲಾಸ್ ಸೇರಿದ್ದಳು. ಸೈರಾ ಮದುವಣಗಿತ್ತಿಯಾಗಿ ಬಂದ ವಾರದಲ್ಲೇ ಊಲ್ಕಾನ್ ಅವಳ ಕೈಗೆ ಎರಡು ಕೋಲು ಕೊಟ್ಟು ಉಣ್ಣೆಯ ಎದುರು ಕೂರಿಸಿದ್ದಳು. ಅಂದಿನಿಂದ ಪ್ರತಿ ಶರತ್ಕಾಲ ಇಬ್ಬರೂ ಎದುರುಬದುರಾಗಿ ಕೂತು ಬಡಿದವರೇ. ನಾಲ್ಕು ಕೋಲುಗಳು ಒಂದಕ್ಕೊಂದು ತಾಗದ ಹಾಗೆ ಏಳುತ್ತಿದ್ದವು, ಬೀಳುತ್ತಿದ್ದವು. ಸೈರಾ ತಾಳ ತಪ್ಪಿದರೆ ಊಲ್ಕಾನ್ ತಲೆಯೆತ್ತದೆಯೇ ಹೇಳುತ್ತಿದ್ದಳು: "ನಿನ್ನ ಕೋಲಿಗಿಂತ ನಿನ್ನ ನಾಲಗೇನೇ ಚೆನ್ನಾಗಿ ಬಡಿಯುತ್ತೆ ಕಣೆ. ಅದನ್ನೇ ತೆಗೆದು ಉಣ್ಣೆ ಮೇಲಿಡು."

ಅವರು ತಯಾರಿಸಿದ ಕಂಬಳಿ ಹಾಸದ ಮನೆ ಆ ಹಳ್ಳಿಯಲ್ಲಿಲ್ಲ. ಊಲ್ಕಾನ್ ತೊಟ್ಟಿಲಿಗೆ ಹಾಕದ ಮಗುವೂ ಇಲ್ಲ. ಕೂಸು ಮನೆಗೆ ಬಂದರೆ ಜನ ಮೊದಲು ಅವಳನ್ನು ಕರೆಯುತ್ತಿದ್ದರು. ಒಂದು ಚೂರು ಹಳದಿ ಬೆಣ್ಣೆಯನ್ನು ತನ್ನ ಬಾಯಲ್ಲಿಟ್ಟು ಕರಗಿಸಿ, ಕೂಸಿನ ನಾಲಗೆಗೆ ಹಚ್ಚುತ್ತಿದ್ದಳು. ಹಚ್ಚಿದವಳ ಆಯಸ್ಸೂ ಗುಣವೂ ಕೂಸಿಗೆ ಬರಲಿ ಎಂದು. ಆಮೇಲೆ ಅದನ್ನು ತೊಟ್ಟಿಲಲ್ಲಿ ಮಲಗಿಸಿ, ಬೀಳದ ಹಾಗೆ ಪಟ್ಟಿ ಕಟ್ಟುತ್ತ ಹೇಳುತ್ತಿದ್ದಳು: "ಇದು ನನ್ನ ಕೈಯಲ್ಲ, ಉಮಾಯ್ ತಾಯಿಯ ಕೈ. ಇದು ನನ್ನ ಕೈಯಲ್ಲ, ಫಾತಿಮಾ ತಾಯಿಯ ಕೈ." ಕೂಸುಗಳನ್ನು ಕಾಯುವ ಆ ತಾಯಂದಿರ ಹೆಸರನ್ನು ಅವಳು ಹೇಳಿದರೆ ಜನಕ್ಕೆ ನಂಬಿಕೆ ಬರುತ್ತಿತ್ತು. ಐದು ಹೊತ್ತಿನ ನಮಾಜಿಗೆ ತಪ್ಪದೆ ತೊಳೆದ ಕೈಗಳು ಅವು.

ಈ ಶರತ್ಕಾಲದಲ್ಲಿ ತೊಟ್ಟಿಲು ಸೈರಾಳ ಮನೆಗೇ ಬರುವುದಿತ್ತು. ಮಗನಿಗೆ ಮದುವೆಯಾಗಿ ವರ್ಷಗಳೇ ಉರುಳಿದ್ದವು. ಸೊಸೆ ಚೊಲ್ಪೊನ್ ಕೊನೆಗೂ ಹೆತ್ತಿದ್ದಳು, ಅದೂ ತಿಂಗಳು ತುಂಬುವ ಮೊದಲೇ. ಕೂಸನ್ನು ಪಟ್ಟಣದ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟು ಉಳಿಸಿದ್ದರು. ಬೇಡಿ ಪಡೆದವನೆಂದು ಅವನಿಗೆ ತಿಲೆಕ್ ಎಂದು ಹೆಸರಿಟ್ಟರು. ಅವನು ಮನೆಗೆ ಬಂದಾಗ ಊಲ್ಕಾನ್ ಒಳಗೆ ಹೋಗಿ ನೋಡಲಿಲ್ಲ. "ಬರಿಗೈಲಿ ಹೇಗೆ ನೋಡ್ಲಿ ಕಣೆ? ತೊಟ್ಟಿಲ ಕಂಬಳಿ ಮುಗಿಸಿ, ಅದನ್ನ ಕೊಟ್ಟೇ ಮುಖ ನೋಡ್ತೀನಿ" ಎಂದು ಹೊರಗೆ ಕೂತು ಬಿಳಿ ಕಂಬಳಿಯ ಮೇಲೆ ಕೆಂಪು ಕೊಂಬುಗಳ ಚಿತ್ತಾರ ಹೊಲಿಯುತ್ತಿದ್ದಳು. ಹೊಲಿಯುತ್ತ ಕೆಮ್ಮುತ್ತಿದ್ದಳು.

ಕೆಮ್ಮನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಉಣ್ಣೆ ಬಡಿಯುವ ಹೆಂಗಸರು ಕೆಮ್ಮದೆ ಇರುತ್ತಾರೆಯೇ? ಉಣ್ಣೆ ಕೆಮ್ಮು ಎಂದರೆ ಆ ಕಣಿವೆಯಲ್ಲಿ ಕೆಲಸಗಾರ್ತಿಯ ಗುರುತು. ಕುರಿಯ ಬಾಲದ ಕೊಬ್ಬನ್ನು ಕರಗಿಸಿ ಬಿಸಿ ಹಾಲಿಗೆ ಹಾಕಿ ಕುಡಿಯುತ್ತಾರೆ, ಮೊದಲ ಹಿಮ ಬಿದ್ದು ಧೂಳು ಅಡಗಿದರೆ ಅದೂ ಅಡಗುತ್ತದೆ. ಈ ಸಲ ಕೊಬ್ಬಿಗೂ ಅಡಗಲಿಲ್ಲ. ಸಂತೆಗೆ ಹೋದಾಗ ಒಬ್ಬ ವೈದ್ಯರು ಅವಳ ಎದೆಗೆ ಕೊಳವೆಯಿಟ್ಟು ಕೇಳಿ, "ಎದೆ ಚೊಕ್ಕವಾಗಿದೆ, ಧೂಳು ಅಷ್ಟೆ" ಎಂದಿದ್ದರು. ಜ್ವರವಿರಲಿಲ್ಲ. ಕೆಮ್ಮು ಬಂದಾಗ ಮಾತ್ರ ಬಿಡದೆ ಬರುತ್ತಿತ್ತು, ಹೋದ ಮೇಲೆ ಏನೂ ಆಗದವಳ ಹಾಗೆ ಸೂಜಿ ಎತ್ತಿಕೊಳ್ಳುತ್ತಿದ್ದಳು.

ತೊಟ್ಟಿಲ ಸಮಾರಂಭದ ಹಿಂದಿನ ದಿನ ಹಳ್ಳಿಯ ನರ್ಸ್ ಸಲ್ತನತ್ ಕೂಸಿನ ತೂಕ ನೋಡಲು ಬಂದಳು. ತೂಕ ನೋಡಿ ಹೊರಗೆ ಬರುವಾಗ ಊಲ್ಕಾನಳಿಗೆ ಕೆಮ್ಮು ಹತ್ತಿತು. ಕುದುರೆ ಕಂಬವನ್ನು ಹಿಡಿದು ಬಗ್ಗಿದಳು. ಕೆಮ್ಮಿನ ಮೇಲೆ ಕೆಮ್ಮು, ನಡುವೆ ಉಸಿರಿಗೆ ಜಾಗವೇ ಇಲ್ಲ. ಮುಖ ಕೆಂಪಾಗಿ ಕಣ್ಣಲ್ಲಿ ನೀರಿಳಿಯಿತು. ಕೊನೆಗೆ ಕುಡಿದ ಚಹಾ ಎಲ್ಲ ಹೊರಗೆ ಬಂತು. ಅವಳು ಅದರ ಮೇಲೆ ಕಾಲಿನಿಂದ ಮಣ್ಣೆಳೆದು, ಬಾಯಿ ಒರೆಸಿಕೊಂಡು, "ಒಳ್ಳೆ ಚಹಾ ಹಾಳಾಯ್ತು" ಅಂದಳು.

ಸಲ್ತನತ್ ಹೋಗದೆ ನಿಂತಳು. "ಅಜ್ಜಿ, ಹೀಗೆ ವಾಂತಿಯಾಗೋದು ಯಾವಾಗಿಂದ?"

"ಉಣ್ಣೆ ಕೆಮ್ಮು ಕಣಮ್ಮ. ನಿಮ್ಮಜ್ಜಿಗೂ ಇತ್ತು."

"ನಮ್ಮಜ್ಜಿ ಇಷ್ಟು ಕೆಮ್ತಿರಲಿಲ್ಲ. ಊಟ ಕಕ್ಕೋ ಹಾಗೆ ಕೆಮ್ಮೋದು ಧೂಳಿಗಲ್ಲ. ನನಗೆ ಇದು ನೀಲಿ ಕೆಮ್ಮು ಅನ್ನಿಸ್ತಿದೆ."

ನಾಯಿಕೆಮ್ಮಿಗೆ ಅಲ್ಲಿಯ ಹೆಸರು ಅದು. ಕೂಸುಗಳ ಮುಖ ಕೆಮ್ಮಿ ಕೆಮ್ಮಿ ನೀಲಿಯಾಗುತ್ತದೆಂದು. ಸೈರಾ ಜೋರಾಗಿ ನಕ್ಕಳು. "ಕೇಳಿದ್ಯಾ ಅಕ್ಕ? ಕೂಸಿನ ರೋಗವಂತೆ ನಿನಗೆ. ನಾಳೆ ಹಾಲುಹಲ್ಲು ಬಂತು ಅಂತಾಳೆ. ತೊಟ್ಟಿಲಲ್ಲಿ ತಿಲೆಕ್ ಪಕ್ಕ ನಿನ್ನನ್ನೂ ಕಟ್ಟಿ ಹಾಕೋಣ."

ಸಲ್ತನತ್ ಕೋಪಿಸಿಕೊಳ್ಳಲಿಲ್ಲ. "ದೊಡ್ಡವರಿಗೂ ಬರುತ್ತೆ ಅಕ್ಕ. ಚಿಕ್ಕಂದಿನಲ್ಲಿ ಬಂದಿರಲಿ, ಸೂಜಿ ಹಾಕಿಸಿರಲಿ, ಅದರ ಕಾವಲು ವರ್ಷ ಕಳೆದ ಹಾಗೆ ಸವೆದುಹೋಗುತ್ತೆ. ದೊಡ್ಡವರಲ್ಲಿ ಮಕ್ಕಳ ಹಾಗೆ ಉಸಿರೆಳೆಯುವಾಗ ಆ ಕೂಗು ಬರೋದಿಲ್ಲ, ಅದಕ್ಕೇ ಯಾರಿಗೂ ತಿಳಿಯೋದಿಲ್ಲ. ಧೂಳು ಅಂತಾರೆ, ಶೀತ ಅಂತಾರೆ. ಆದ್ರೆ ಅವರಿಂದ ಕೂಸಿಗೆ ಹೋಗುತ್ತೆ. ಇಷ್ಟು ಚಿಕ್ಕ ಕೂಸು ಕೆಮ್ಮೋದೂ ಇಲ್ಲ, ಸುಮ್ಮನೆ ಉಸಿರೇ ನಿಲ್ಲಿಸಿಬಿಡುತ್ತೆ. ಇವನಿಗೆ ಸೂಜಿ ಹಾಕೋಕೆ ಇನ್ನೂ ಕಾಲ ಬಂದಿಲ್ಲ."

ಸೈರಾ ಇನ್ನೂ ನಗುತ್ತಲೇ ಇದ್ದಳು. ಊಲ್ಕಾನ್ ನಗಲಿಲ್ಲ. ಹೊಲಿಯುತ್ತಿದ್ದ ಕಂಬಳಿಯನ್ನು ಎತ್ತಿ ಮಡಿಸಿ ಪಕ್ಕಕ್ಕಿಟ್ಟಳು.

"ಬಾಯಲ್ಲಿ ಬೆಣ್ಣೆ ಕರಗಿಸಿ ಕೊಟ್ಟರೆ?" ಎಂದು ಕೇಳಿದಳು.

"ಬೆಣ್ಣೆ ದೂರದ ಮಾತು ಅಜ್ಜಿ. ತೊಟ್ಟಿಲ ಮೇಲೆ ಬಗ್ಗಿ ಒಂದ್ಸಲ ಕೆಮ್ಮಿದ್ರೂ ಸಾಕು."

ನರ್ಸ್ ಅವಳ ಮೂಗಿನೊಳಗೆ ಹತ್ತಿಯ ಕಡ್ಡಿ ಆಡಿಸಿ ಪಟ್ಟಣಕ್ಕೆ ಕಳಿಸಲು ಎತ್ತಿಟ್ಟುಕೊಂಡಳು. ಫಲಿತಾಂಶಕ್ಕೆ ಕಾಯದೆ ಮಾತ್ರೆ ಶುರುಮಾಡಿ ಎಂದಳು. ಜೊತೆಯಲ್ಲೇ ಕೂತು ಉಣ್ಣೆ ಬಡಿದ ಸೈರಾಳಿಗೂ, ಮನೆಯ ಉಳಿದವರಿಗೂ ಮಾತ್ರೆ ಕೊಟ್ಟಳು. ಮಾತ್ರೆ ಮುಗಿಯುವ ತನಕ ಓರಗಿತ್ತಿಯರಿಬ್ಬರೂ ಕೂಸನ್ನು ಮುಟ್ಟಬಾರದು, ತಾಯಿ ಮಾತ್ರ ಮೂಗು ಬಾಯಿ ಕಟ್ಟಿಕೊಂಡು ಹಾಲು ಕೊಡಲಿ ಎಂದು ಹೇಳಿ ಹೋದಳು.

ಅವಳು ಬೇಲಿ ದಾಟಿದ ಕೂಡಲೇ ಸೈರಾಳ ನಗು ಸಿಟ್ಟಾಯಿತು. ಕುರಿ ಕಡಿದಾಗಿದೆ. ಸೊಸೆಯ ತವರಿನವರು ತೊಟ್ಟಿಲು ಹೊತ್ತು ಬೆಟ್ಟದಾಚೆಯಿಂದ ಹೊರಟಾಗಿದೆ. ಮಾತ್ರೆ ಮುಗಿಯುವವರೆಗೆ ದಿನ ಮುಂದೆ ಹಾಕುವಂತಿಲ್ಲ. ತಮ್ಮಿಬ್ಬರನ್ನು ಬಿಟ್ಟರೆ ಗಂಡಿನ ಮನೆಯಲ್ಲಿ ಹಿರಿಯ ಹೆಂಗಸಿಲ್ಲ. ಎಂದರೆ ಕೂಸನ್ನು ತೊಟ್ಟಿಲಿಗೆ ಹಾಕುವವಳು ಬೀಗಿತ್ತಿ ಕಲಿಪಾ.

"ನಮ್ಮ ವಂಶದ ಕೂಸನ್ನ ಬೇರೆ ಕುಲದವರ ಕೈಗೆ ಕೊಡೋದಾ?" ಅಂದಳು. "ಊರು ನಗುತ್ತೆ ಅಕ್ಕ. ಆ ಕಲಿಪಾ ಸಾಯೋತನಕ ಆಡ್ಕೋತಾಳೆ. ಆ ಹುಡುಗಿ ಏನೋ ಓದಿದ್ದು ಹೇಳ್ತು. ನೀನು ಬೆಳಿಗ್ಗೆ ಒಂದು ಲೋಟ ಕೊಬ್ಬು ಕುಡಿ, ಬಾಯಿಗೆ ಬಟ್ಟೆ ಕಟ್ಕೋ, ಬೇಗ ಮುಗಿಸು. ನನಗೆ ಇವನೊಬ್ಬನೇ ಮೊಮ್ಮಗ. ಅವನಿಗೆ ನಿನ್ನ ಕೈಯೇ ಬೇಕು."

ಊಲ್ಕಾನ್ ಮಾತ್ರೆಯ ಪೊಟ್ಟಣವನ್ನು ಕಂಬಳಿಯ ಮೇಲಿಟ್ಟಳು. ಆಮೇಲೆ, "ಕೂತ್ಕೋ. ಅಲ್ಲೇ, ದೂರ ಕೂತ್ಕೋ" ಅಂದಳು.

"ನನ್ನ ಎಸೆನ್‌ನ ನೀನು ನೋಡಿಲ್ಲ. ನೀನು ಬರೋಕೆ ಮುಂಚೆ ಹೋದ. ನೀಲಿ ಕೆಮ್ಮು."

ಮೊದಲ ಮಗ ಕೂಸಾಗಿದ್ದಾಗಲೇ ಹೋದನೆಂದು ಸೈರಾಳಿಗೆ ಗೊತ್ತಿತ್ತು. ಊಲ್ಕಾನಳ ಬಾಯಿಂದ ಅವನ ಹೆಸರು ಕೇಳಿದ್ದು ಅದೇ ಮೊದಲು.

"ಎಲ್ಲಿಂದ ಬಂತು ಅಂತ ನಾನು ಎಷ್ಟು ವರ್ಷ ಯೋಚಿಸಿದ್ದೀನಿ ಗೊತ್ತಾ? ಆಗ ಹಳ್ಳೀಲಿ ಯಾವ ಮಗುವಿಗೂ ಇರಲಿಲ್ಲ. ಗಾಳಿಯಿಂದ ಬಂತು ಅಂದ್ರು. ಯಾರದೋ ಕಣ್ಣು ಅಂದ್ರು. ಈಗ ಆ ಹುಡುಗಿ ಮಾತಾಡ್ತಿರುವಾಗ ನನ್ನ ಕಣ್ಣಿಗೆ ಅತ್ತೆ ಬಂದ್ರು. ಆ ಶರತ್ಕಾಲ ಅತ್ತೆಗೆ ಉಣ್ಣೆ ಕೆಮ್ಮು. ಹೀಗೇ, ಚಹಾ ಎಲ್ಲ ಕಕ್ಕೋ ಹಾಗೆ. ಬೆಣ್ಣೆ ಕೊಟ್ಟವರು ಅವರೇ. ದಿನವಿಡೀ ಎದೆ ಮೇಲೆ ಹಾಕ್ಕೊಂಡು ತಟ್ಟಿದವರೂ ಅವರೇ."

ಅತ್ತೆ ಸೈರಾಳಿಗೂ ಅತ್ತೆಯೇ. ಮನೆಗೆ ಬಂದ ಕುರಿಮರಿಯನ್ನೂ ಮಡಿಲಲ್ಲಿಟ್ಟುಕೊಂಡು ಹಾಲು ಕುಡಿಸಿದ ಮುದುಕಿ. ಎಸೆನ್‌ನ ಗೋರಿಗೆ ಪ್ರತಿ ಶುಕ್ರವಾರ ನಡೆದು ಹೋಗುತ್ತಿದ್ದವಳು.

"ಈ ಮಾತು ಇಲ್ಲೇ ಇರಲಿ. ಅತ್ತೆಯ ಹೆಸರಿಗೆ ಒಂದು ಕಲೆ ತಾಗಬಾರದು. ಅವರು ಆ ಮಗೂನ ನನಗಿಂತ ಹೆಚ್ಚು ಪ್ರೀತಿಸಿದ್ರು. ಅವರಿಗೆ ಗೊತ್ತಿರಲಿಲ್ಲ ಸೈರಾ. ದೇವರು ಅವರನ್ನ ಕೇಳೋದಿಲ್ಲ." ಊಲ್ಕಾನ್ ತನ್ನ ಕೈಗಳನ್ನು ನೋಡಿಕೊಂಡಳು. "ನನಗೆ ಗೊತ್ತಾಗಿದೆ. ನನ್ನನ್ನ ಕೇಳ್ತಾನೆ."

ಸೈರಾ ಮಾತ್ರೆ ಬಾಯಿಗೆ ಹಾಕಿಕೊಂಡು ನೀರು ಕುಡಿದಳು.

ಮಾರನೆಯ ದಿನ ಕಲಿಪಾ ಬಂದಳು. ಕೆಂಪು ಬಣ್ಣ ಬಳಿದ ತೊಟ್ಟಿಲು, ಹಿಟ್ಟಿನ ತುಂಡುಗಳನ್ನು ಎಣ್ಣೆಯಲ್ಲಿ ಕರಿದ ಬೊರ್ಸೊಕ್‌ನ ಗೋಣಿ, ಒಂದು ಹಿಂಡು ನೆಂಟರು ಅವಳ ಜೊತೆ ಬಂದರು. ವಿಷಯ ತಿಳಿದು ಅವಳ ಹುಬ್ಬು ಮೇಲೇರಿತು.

"ಆಗಲಿ ಬೀಗಿತ್ತಿ" ಅಂದಳು ಸೈರಾಳಿಗೆ. "ತೊಟ್ಟಿಲು ನಾವೇ ತಂದ್ವಿ, ಹುಡುಗೀನೂ ನಾವೇ ಕೊಟ್ವಿ. ಕೈಯೂ ನಮ್ಮದೇ ಬೇಕಾದ್ರೆ ಅದಕ್ಕೇನಂತೆ. ನಿಮ್ಮ ಕಡೆಯಿಂದ ಹಸಿವಾದ್ರೂ ತಂದಿದ್ದೀರಾ, ಅಥವಾ ಉಣ್ಣೋಕೂ ನಾವೇನಾ?"

ನೆಂಟರು ನಕ್ಕರು. ಸೈರಾ ಹಲ್ಲು ಕಚ್ಚಿಕೊಂಡು ಬಾಗಿಲ ಹತ್ತಿರ ನಿಂತಳು. ಊಲ್ಕಾನ್ ಕಾಣಲಿಲ್ಲ. ತನ್ನ ಮನೆಯಲ್ಲಿ ಮಲಗಿರಬೇಕೆಂದು ಎಲ್ಲರೂ ಅಂದುಕೊಂಡರು.

ಕಲಿಪಾ ಕೂಸನ್ನು ಎತ್ತಿಕೊಂಡು ತೊಟ್ಟಿಲ ಮುಂದೆ ಕೂತಳು. ಆಗ ಕಿಟಕಿಯ ಗಾಜನ್ನು ಯಾರೋ ಹೊರಗಿನಿಂದ ಬೆರಳಿನಲ್ಲಿ ತಟ್ಟಿದರು. ಊಲ್ಕಾನ್ ಅಂಗಳದಲ್ಲಿ ನಿಂತಿದ್ದಳು. ಹಬ್ಬದ ಬಿಳಿ ತಲೆವಸ್ತ್ರ ಸುತ್ತಿ, ಶಾಲನ್ನು ಮೂಗಿನ ಮೇಲೆ ಕಟ್ಟಿದ್ದಳು. ಕಣ್ಣುಗಳು ಮಾತ್ರ ಕಾಣುತ್ತಿದ್ದವು.

"ಕಲಿಪಾ," ಎಂದು ಗಾಜಿನಾಚೆಯಿಂದ ಗಟ್ಟಿಯಾಗಿ ಹೇಳಿದಳು, "ನೀನು ಮಲಗಿಸು. ಮಾತು ನಾನು ಹೇಳ್ತೀನಿ."

ಕಲಿಪಾ ತಬ್ಬಿಬ್ಬಾಗಿ ಸೈರಾಳನ್ನು ನೋಡಿದಳು. ಸೈರಾ ತಲೆಯಾಡಿಸಿದಳು.

ಪದ್ಧತಿಯಂತೆ ಮೊದಲು ಕೂಸನ್ನು ತೊಟ್ಟಿಲಲ್ಲಿ ತಿರುಗುಮುರುಗಾಗಿ ಇಡಬೇಕು. ಕಲಿಪಾ ತಲೆಯನ್ನು ಕಾಲಿನ ಕಡೆಗೆ ಇಟ್ಟಳು. "ಸರಿಯಾ?" ಎಂದು ಹೊರಗಿನಿಂದ ಕೇಳಿತು. "ಅಲ್ಲ" ಎಂದು ಒಳಗಿನವರೆಲ್ಲ ಕೂಗಿದರು, ಮಕ್ಕಳು ಎಲ್ಲರಿಗಿಂತ ಜೋರಾಗಿ. ಕಲಿಪಾ ಕೂಸನ್ನು ಎತ್ತಿ ತಿರುಗಿಸಿದಳು. "ಈಗ..." ಎಂದಿತು ಹೊರಗಿನ ದನಿ, ಅಲ್ಲಿಗೇ ಕೆಮ್ಮು ಹತ್ತಿತು.

ಬಿಡದೆ ಬಂತು. ಗಾಜಿನಾಚೆ ಬಿಳಿ ತಲೆ ಬಾಗಿ ಕಿಟಕಿಯ ಕೆಳಗೆ ಮರೆಯಾಯಿತು. ಒಳಗಿನವರಿಗೆ ಬರೀ ಸದ್ದು ಕೇಳುತ್ತಿತ್ತು; ಉಸಿರಿಗೆ ಬಿಡುವಿಲ್ಲದ, ಎದೆಯನ್ನು ಒಳಗಿನಿಂದ ಬಡಿಯುವ ಸದ್ದು. ನಗುತ್ತಿದ್ದ ನೆಂಟರು ನಗು ನಿಲ್ಲಿಸಿದರು. ಕೋಣೆಯಲ್ಲಿದ್ದ ಪ್ರತಿ ತಾಯಿಯೂ ತನ್ನ ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು. ಆ ಸದ್ದು ಈ ತೊಟ್ಟಿಲ ಮೇಲೆ ಬಗ್ಗಿದ್ದರೆ ಏನಾಗುತ್ತಿತ್ತೆಂದು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಕಲಿಪಾ ಕೂಸನ್ನು ಎರಡೂ ಕೈಗಳಲ್ಲಿ ತೊಟ್ಟಿಲ ಮೇಲೆ ಎತ್ತಿ ಹಿಡಿದು ಹಾಗೇ ಕೂತಿದ್ದಳು. ತೋಳು ನಡುಗಿದರೂ ಇಳಿಸಲಿಲ್ಲ.

ಬಿಳಿ ತಲೆವಸ್ತ್ರ ಮತ್ತೆ ಮೇಲೆ ಬಂತು. ಕಣ್ಣು ಒರೆಸಿಕೊಂಡು ಊಲ್ಕಾನ್ ಕೇಳಿದಳು: "ಈಗ ಸರಿಯಾ?"

"ಸರಿ ಅಕ್ಕ," ಅಂದಳು ಕಲಿಪಾ, ಬೇರೆಯವರು ಬಾಯಿ ತೆರೆಯುವ ಮೊದಲೇ. "ಈಗ ಸರಿಯಾಗಿದೆ."

"ಕಟ್ಟು ಹಾಗಾದ್ರೆ. ಇದು ನನ್ನ ಕೈಯಲ್ಲ, ಉಮಾಯ್ ತಾಯಿಯ ಕೈ."

ಕಲಿಪಾ ಪಟ್ಟಿ ಕಟ್ಟಿದಳು. ಕಟ್ಟುತ್ತ ತಾನೂ ತುಟಿಯಲ್ಲೇ ಆ ಮಾತನ್ನು ಹೇಳಿಕೊಳ್ಳುತ್ತಿದ್ದಳು. ಊಟಕ್ಕೆ ಕೂತಾಗ ಮಾಂಸದ ಮೊದಲ ತಟ್ಟೆಯನ್ನು, ಹಿರಿಯ ಹೆಂಗಸಿಗೆ ಸಲ್ಲುವ ಮೂಳೆಯೊಂದಿಗೆ, ಕಲಿಪಾ ತಾನೇ ಹೊತ್ತುಕೊಂಡು ಹೊರಗೆ ಹೋಗಿ ಊಲ್ಕಾನಳ ಹೊಸ್ತಿಲಲ್ಲಿ ಇಟ್ಟು ಬಂದಳು.

ಪಟ್ಟಣದಿಂದ ಫಲಿತಾಂಶ ಬಂದಾಗ ಸಲ್ತನತ್ ಹೇಳಿದ್ದೇ ನಿಜವಾಗಿತ್ತು. ತಿಲೆಕ್ ಒಂದು ಸಲವೂ ಕೆಮ್ಮಲಿಲ್ಲ. ಮಾತ್ರೆ ಮುಗಿದು, ಇನ್ನು ಅಂಟುವ ಭಯವಿಲ್ಲವೆಂದು ನರ್ಸ್ ಹೇಳಿದ ಮೇಲೂ ಊಲ್ಕಾನ್ ಒಂದು ವಾರ ಹೆಚ್ಚು ಕಾದಳು. ಆಮೇಲೆ ಕೂಸಿಗೆ ಪದ್ಧತಿಯಂತೆ ನಲವತ್ತು ಚಮಚ ನೀರೆರೆಯುವ ದಿನ ಬಿಳಿ ಕಂಬಳಿ ಹಿಡಿದು ಬಂದು, ಅದನ್ನು ಕೊಟ್ಟು, ಮುಖ ನೋಡಿದಳು. "ಅಯ್ಯೋ, ಮೂಗು ಮಂಬೆತ್‌ದೇ. ಪಾಪದ ಕೂಸು" ಅಂದಳು. ಒಂದೊಂದೇ ಚಮಚ ನೀರು ಅವನ ಮೈಮೇಲೆ ಬಿಟ್ಟಳು. ಬೆಣ್ಣೆಯನ್ನು ಬಾಯಲ್ಲಿಡದೆ ಚಮಚದ ತುದಿಯಿಂದ ಹಚ್ಚಿದಳು. ಅವನು ಅದನ್ನು ಚಪ್ಪರಿಸಿದ.

ಅಂಟುವ ಕಾಲ ಮುಗಿದರೂ ಕೆಮ್ಮು ಮುಗಿಯಲಿಲ್ಲ. ಆ ಕೆಮ್ಮು ಹಾಗೆಯೇ, ತಿಂಗಳುಗಟ್ಟಲೆ ಬಿಡುವುದಿಲ್ಲವೆಂದು ಸಲ್ತನತ್ ಮೊದಲೇ ಹೇಳಿದ್ದಳು. ಒಂದು ದಿನ ಕೆಮ್ಮುವಾಗ ಊಲ್ಕಾನಳ ಪಕ್ಕೆಲುಬು ಮುರಿಯಿತು. ನೋವಿಗೆ ಉಸಿರನ್ನು ಪೂರ್ತಿ ಎಳೆಯಲಾರದೆ ಎದೆಯಲ್ಲಿ ಕಫ ಕಟ್ಟಿತು, ಜ್ವರ ಬಂತು. ಪಟ್ಟಣದ ಆಸ್ಪತ್ರೆಯವರು ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು. ಅಲ್ಲಿಗೆ ಹೊರಟು ಕಾರು ಹತ್ತುವಾಗ ಅವಳು ಸೈರಾಳಿಗೆ ಹೇಳಿದ್ದು ಇಷ್ಟೇ: "ಉಣ್ಣೆ ಒದ್ದೆಯಾಗೋಕೆ ಬಿಡಬೇಡ. ನಾಲಗೆ ಜೊತೆ ಕೋಲೂ ಸ್ವಲ್ಪ ಆಡಿಸು."

ಆ ಉಣ್ಣೆಯನ್ನೇ ಸೈರಾ ಬಡಿಯುತ್ತಿದ್ದಳು, ಹಿರಿಯರು ಬಂದಾಗ.

ಸಂಜೆಯೊಳಗೆ ಊಲ್ಕಾನಳನ್ನು ಮನೆಗೆ ತಂದರು. ಅಂಗಳದಲ್ಲಿ ಕಂಬಳಿಯ ಗುಡಾರ ಎದ್ದಿತು. ಅವಳು ತಯಾರಿಸಿದ ಕಂಬಳಿಗಳ ಮೇಲೆಯೇ ಅವಳನ್ನು ಮಲಗಿಸಿದರು. ತಲಾಸ್‌ನಿಂದ ಮಗಳು ಬರುವ ತನಕ ಹೆಂಗಸರು ಗೋಡೆಗೆ ಮುಖಮಾಡಿ ಕೂತು ಸತ್ತವಳ ಗುಣಗಳನ್ನು ಹಾಡಿ ಅತ್ತರು. ಸೈರಾಳೂ ಹಾಡಿದಳು. ಕೋಲುಗಳ ತಾಳ ಹಾಡಿದಳು, ಕಂಬಳಿಯ ಕೊಂಬುಗಳ ಚಿತ್ತಾರ ಹಾಡಿದಳು, ಕಿಟಕಿಯಾಚೆ ನಿಂತವಳನ್ನು ಹಾಡಿದಳು. ಅತ್ತೆಯ ಮಾತು ಮಾತ್ರ ಅವಳ ಹಾಡಿಗೆ ಬರಲಿಲ್ಲ.

ಜನ ಬರುತ್ತಲೇ ಇದ್ದರು, ಎಳೆಯ ತಾಯಂದಿರು ಕೂಸುಗಳನ್ನು ಹೊದಿಕೆಯಲ್ಲಿ ಸುತ್ತಿಕೊಂಡು ಬಂದರು. ಕೆಳಗಿನ ಬೀದಿಯ ಒಬ್ಬ ಹೆಂಗಸು ಅಳುತ್ತ ಬಂದು ಗುಡಾರದ ಬಾಗಿಲಲ್ಲಿ ಕೆಮ್ಮಿದಳು. ಸೈರಾ ಎದ್ದು ಅವಳನ್ನು ತೋಳು ಹಿಡಿದು ಹೊರಗೆ ಕರೆತಂದಳು.

"ಏನಾಯ್ತು ನಿನಗೆ?"

"ಏನಿಲ್ಲ ಸೈರಾಕ್ಕ. ಉಣ್ಣೆ ಕೆಮ್ಮು."

"ಇಲ್ಲಿ ಕೂತ್ಕೋ, ಒಲೆ ಹತ್ರ. ಚಹಾ ಇಲ್ಲಿಗೇ ಬರುತ್ತೆ. ಅಳೋದನ್ನ ಇಲ್ಲಿಂದಲೇ ಅಳು, ಅಕ್ಕನಿಗೆ ಕೇಳಿಸುತ್ತೆ. ಬೆಳಿಗ್ಗೆ ಸಲ್ತನತ್ ಹತ್ರ ಮೂಗು ತೋರಿಸಿ ಬಾ, ಆಮೇಲೆ ಕೂಸುಗಳ ಹತ್ರ ಬಾ."

ಒಲೆಯ ಬಳಿ ಕೂತಿದ್ದ ಅಸನ್ ಅಜ್ಜ ಗಡ್ಡದಲ್ಲೇ ನಕ್ಕರು. "ನಮ್ಮ ಊಲ್ಕಾನ್ ಇನ್ನೂ ಅಧಿಕಾರ ಬಿಟ್ಟಿಲ್ಲ" ಅಂದರು. ಆ ಹೆಂಗಸು ಮುನಿಸಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಿಗೆ ಕೆಮ್ಮುತ್ತಿದ್ದ ಇನ್ನಿಬ್ಬರು ತಾವಾಗಿಯೇ ಬಂದು ಅವಳ ಪಕ್ಕ ಕೂತರು.

ಮಾರನೆಯ ಮಧ್ಯಾಹ್ನ ಗಂಡಸರು ಜನಾಜಾ ನಮಾಜು ಮುಗಿಸಿ ಅವಳನ್ನು ಹೊತ್ತು ಗುಡ್ಡ ಹತ್ತಿದರು. ಎಸೆನ್‌ನ ಪುಟ್ಟ ಗೋರಿಯ ಒಂದು ಪಕ್ಕ ಅತ್ತೆ ಇದ್ದಳು. ಇನ್ನೊಂದು ಪಕ್ಕ ಜಾಗ ಖಾಲಿ ಇತ್ತು. ಹೆಂಗಸರು ಅಂಗಳದಲ್ಲೇ ಉಳಿದರು. ಚೊಲ್ಪೊನ್ ತಿಲೆಕ್‌ನನ್ನು ತಂದು ಸೈರಾಳ ಮಡಿಲಲ್ಲಿಟ್ಟಳು. ಅವನು ಬಿಳಿ ಕಂಬಳಿಯಲ್ಲಿ ನಿದ್ದೆ ಮಾಡುತ್ತಿದ್ದ. ಅವಳು ಅವನ ಮೂಗಿನ ಹತ್ತಿರ ಕೆನ್ನೆಯಿಟ್ಟು ನೋಡಿದಳು. ಉಸಿರು ಬೆಚ್ಚಗೆ ಬರುತ್ತಿತ್ತು, ಹೋಗುತ್ತಿತ್ತು, ಯಾವ ತಡೆಯೂ ಇಲ್ಲದೆ. ಗುಡ್ಡದ ಮೇಲೆ ಗಂಡಸರು ಕೈ ಎತ್ತಿದ್ದು ಕಂಡಿತು. ಸೈರಾಳೂ ಅಂಗೈಗಳನ್ನು ತೆರೆದಳು.

ಅಲ್ಲಾಹನೇ, ಕರುಣಾಳುವೇ, ನಿನ್ನ ದಾಸಿ ಊಲ್ಕಾನ್ ನಿನ್ನ ಬಳಿಗೆ ಬಂದಿದ್ದಾಳೆ. ತಿಳಿಯದೆ ಮಾಡಿದವರನ್ನು ಅವಳು ಕ್ಷಮಿಸಿದಳು, ಅವಳನ್ನು ನೀನು ಕ್ಷಮಿಸು. ಇಲ್ಲಿ ಕಿಟಕಿಯ ಹೊರಗೆ ನಿಂತವಳನ್ನು ಅಲ್ಲಿ ಒಳಗೆ ಕರೆದುಕೋ. ಅವಳ ಮಗನನ್ನು ಅವಳ ಮಡಿಲಿಗೆ ಕೊಡು. ಅವಳ ಮೇಲಿನ ಮಣ್ಣು ರೇಷ್ಮೆಯಾಗಲಿ, ದಣಿದ ಆ ಎದೆಗೆ ಭಾರವಾಗದಿರಲಿ. ಅವಳ ಗೋರಿಯನ್ನು ವಿಶಾಲ ಮಾಡು, ಅಲ್ಲಿ ಬೆಳಕನ್ನಿಡು, ಅವಳು ನೆಮ್ಮದಿಯಾಗಿ ಮಲಗಲಿ. ಆಮೀನ್.